ಹಿಮದ ದಾರಿಯಲ್ಲಿ ಧೈರ್ಯ ಬೇಡ, ಚೈನ್ ಬೇಕು

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಹುಡುಗರು ಚಂಡೀಗಢಕ್ಕೆ ವಿಮಾನ ಹತ್ತುತ್ತಾರೆ. ಅಲ್ಲಿಂದ ಕಪ್ಪು ನಂಬರ್ ಪ್ಲೇಟಿನ ಬಾಡಿಗೆ ಕಾರು, ನೇರ ಮನಾಲಿ. ‘ಆಗುಂಬೆ, ಚಾರ್ಮಾಡಿ ಇಳಿದವರಿಗೆ ಅದ್ಯಾವ ಲೆಕ್ಕ’ ಎಂದು ನನ್ನೆದುರೇ ಹೇಳುತ್ತಾರೆ. ನಾನು ಸೇನೆಯಲ್ಲಿ ಸ್ಟಾಲಿಯನ್ ಲಾರಿ ಓಡಿಸುತ್ತಿದ್ದವನು. ಲಡಾಖ್ ದಾರಿಯ ಜೋಜಿ ಲಾ ಕಣಿವೆ ದಾಟಿ ದ್ರಾಸ್, ಕಾರ್ಗಿಲ್‌ಗೆ ಸಾಮಾನು ಮುಟ್ಟಿಸುವುದೇ ಕೆಲಸವಾಗಿತ್ತು. ಘಾಟಿಯಲ್ಲಿ ಪಳಗಿದ ಕೈ ಅಲ್ಲಿ ಅರ್ಧ ದಾರಿಗಷ್ಟೇ ಬರುತ್ತದೆ.

ತಿರುವು, ಪ್ರಪಾತ ಎರಡೂ ಕಡೆ ಇವೆ. ವ್ಯತ್ಯಾಸ ಇರುವುದು ಬ್ರೇಕಿನಲ್ಲಿ. ಮಂಜುಗಡ್ಡೆಯ ಮೇಲೆ ಗಾಡಿ ನಿಲ್ಲಲು ಒಣ ರಸ್ತೆಗಿಂತ 10 ಪಟ್ಟು ದೂರ ಬೇಕಾಗಬಹುದು. ಫೋರ್ ಬೈ ಫೋರ್ ಗಾಡಿ ಏರು ಹತ್ತಿಸುತ್ತದೆ, ನಿಜ, ಬೇಗ ನಿಲ್ಲಿಸುವುದಿಲ್ಲ. ಬಿಳಿ ಹಿಮವಾದರೂ ಕಣ್ಣಿಗೆ ಬೀಳುತ್ತದೆ. ಮಧ್ಯಾಹ್ನ ಕರಗಿದ ನೀರು ಸಂಜೆ ನೆರಳಿನ ತಿರುವಿನಲ್ಲಿ, ಸೇತುವೆಯ ಮೇಲೆ ಹೆಪ್ಪುಗಟ್ಟಿದರೆ ಟಾರಿನ ಬಣ್ಣದಲ್ಲೇ ಅಡಗಿರುತ್ತದೆ. ಅಲ್ಲಿ ಗಾಬರಿಯಿಂದ ಬ್ರೇಕ್ ತುಳಿದರೆ ಕಾರು ಅಡಿಕೆ ಹಾಳೆಯ ಮೇಲೆ ಕೂತ ಮಗುವಿನಂತೆ, ಇಳಿಜಾರು ಎಳೆದತ್ತ ಜಾರುತ್ತದೆ.

ಆದ್ದರಿಂದ ಇಳಿಯುವ ಮೊದಲೇ ಗೇರ್ ಇಳಿಸಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ಹಿಮದಲ್ಲಿ ಹಿಡಿತ ಸಿಗಲೆಂದು ಟೈರಿಗೆ ಸುತ್ತುವ ಚೈನನ್ನು ಎಂಜಿನ್ ತಿರುಗಿಸುವ ಚಕ್ರಗಳಿಗೆ ಕಟ್ಟಿ. ನಮ್ಮ ಬಹುಪಾಲು ಸಣ್ಣ ಕಾರುಗಳಲ್ಲಿ ಅವು ಮುಂದಿನವು. ರಾತ್ರಿ ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಬೆಳಿಗ್ಗೆ ಹೆಪ್ಪುಗಟ್ಟಿ ಕಚ್ಚಿಕೊಂಡಿರಬಹುದು. ಸಮತಟ್ಟು ಜಾಗ ನೋಡಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಇವೆಲ್ಲ ಕಲಿಯಬಹುದಾದ ವಿದ್ಯೆ. ಕಷ್ಟದ್ದು ಅರ್ಧ ದಾರಿಯಿಂದ ಹಿಂದಿರುಗುವುದು. ಸೇನೆಯ ಕಾನ್ವಾಯ್‌ನಲ್ಲಿ ಟ್ರಾಫಿಕ್ ಪೋಸ್ಟಿನ ಜವಾನ ಕೈ ಅಡ್ಡ ಹಿಡಿದರೆ ಅಧಿಕಾರಿಯ ಜೀಪೂ ನಿಲ್ಲುತ್ತಿತ್ತು. ಪ್ರವಾಸಿಗಳಿಗೆ ಆ ಶಿಸ್ತಿಲ್ಲ. ಹೋಟೆಲ್ ಬುಕ್ಕಾಗಿದೆ, ರಜೆ ಮುಗಿಯುತ್ತಿದೆ ಎಂದು ಪೊಲೀಸರೊಡನೆ ವಾದಕ್ಕಿಳಿಯುತ್ತಾರೆ. 2024ರ ಡಿಸೆಂಬರಿನಲ್ಲಿ ಮನಾಲಿ ಬಳಿಯ ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ಸುಮಾರು 1,000 ವಾಹನಗಳು ಸಿಕ್ಕಿಕೊಂಡಿದ್ದವು. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀಯಲ್ಲಿ ಹಿಮದಲ್ಲಿ ಹೂತ ಕಾರುಗಳೊಳಗೆ 20ಕ್ಕೂ ಹೆಚ್ಚು ಜನ ಸತ್ತರು. ಸೈಲೆನ್ಸರ್ ಬಾಯಿಗೆ ಹಿಮ ಮುಚ್ಚಿದಾಗ ಹೀಟರಿಗೆಂದು ಎಂಜಿನ್ ಓಡಿಸುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೇ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಸಿಕ್ಕಿಕೊಂಡರೆ ಮೊದಲು ಸೈಲೆನ್ಸರಿನ ಬಳಿಯ ಹಿಮ ತೆಗೆಯಿರಿ, ಎಂಜಿನ್ನನ್ನು ಆಗಾಗ ಮಾತ್ರ ಓಡಿಸಿ, ಕಿಟಕಿ ತುಸು ಇಳಿಸಿಡಿ.

ತಪ್ಪು ಹುಡುಗರದ್ದಷ್ಟೇ ಅಲ್ಲ. ಜರ್ಮನಿಯಲ್ಲಿ ರಸ್ತೆಯ ಮೇಲೆ ಹಿಮವಿದ್ದರೆ ಚಳಿಗಾಲದ ಟೈರಿಲ್ಲದೆ ಕಾರು ಓಡಿಸುವುದು ಕಾನೂನಿಗೆ ವಿರುದ್ಧ. ನಮ್ಮಲ್ಲಿ ಹಿಮ ಬಿದ್ದ ಮೇಲೆ ಪೊಲೀಸರು ಚೈನ್ ಕೇಳುತ್ತಾರೆ. ಅಷ್ಟರಲ್ಲಿ ಕಾರು ಮನಾಲಿ ತಲುಪಿಯಾಗಿರುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಆ ಕಡೆ ಹೋಗುವ ಬಾಡಿಗೆ ಕಾರಿನ ಡಿಕ್ಕಿಯಲ್ಲಿ ಚೈನ್ ಇರಲೇಬೇಕು, ಕೀಲಿ ಕೊಡುವ ಮೊದಲು ಅದನ್ನು ಕಟ್ಟಲು ಕಲಿಸಬೇಕು ಎಂದು ಸರ್ಕಾರ ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ಚೈನ್ ಕೊಡದ ಮಾಲೀಕನಿಂದ ನೀವು ಕಾರು ಪಡೆಯಬೇಡಿ. ಸ್ಥಳೀಯ ಚಾಲಕನ ಟ್ಯಾಕ್ಸಿ ಹಿಡಿಯಿರಿ, ಅವನು ‘ಇವತ್ತು ಬೇಡ’ ಎಂದರೆ ಮರುಮಾತಾಡದೆ ಕೋಣೆಗೆ ಹಿಂದಿರುಗಿ.