ಹಿಂದಕ್ಕೊಂದು ಹೆಜ್ಜೆ

ಪಿಂಚಣಿ ಪಡೆದು ಮನೆಯಲ್ಲಿ ಕುಳಿತ ಹಿರಿಯರು ಮುಪ್ಪಿನಲ್ಲಿ ಮತ್ತೆ ದುಡಿಯಲು ಹೊರಟರೆ ನೋಡುವವರಿಗೆ ಕನಿಕರವಾಗುತ್ತದೆ. 1935ರಲ್ಲಿ ಮಾಸ್ಕೋ ನಗರದ ಚದುರಂಗ ಪಂದ್ಯಾವಳಿಗೆ ಬಂದ ಇಮಾನುಯೆಲ್ ಲಾಸ್ಕರನ ಸ್ಥಿತಿಯೂ ಅದೇ. ವಯಸ್ಸು 66. 1894ರಿಂದ 27 ವರ್ಷ ಜಗಜ್ಜೇತನಾಗಿ ಮೆರೆದವನು. 1925ರ ಬಳಿಕ ದೊಡ್ಡ ಪಂದ್ಯಗಳಿಂದ ದೂರ ಸರಿದಿದ್ದವನು. ಯೆಹೂದ್ಯನಾದುದರಿಂದ 1933ರಲ್ಲಿ, ಹಿಟ್ಲರನ ಆಳ್ವಿಕೆಯಲ್ಲಿ, ಮಡದಿಯೊಡನೆ ಜರ್ಮನಿಯನ್ನೇ ಬಿಡಬೇಕಾಯಿತು. ಆಸ್ತಿಪಾಸ್ತಿ ಸರ್ಕಾರದ ಪಾಲಾಯಿತು. ಜೀವನೋಪಾಯಕ್ಕೆಂದು ಮತ್ತೆ ಮಣೆಯ ಮುಂದೆ ಕುಳಿತನು.

ಅಲ್ಲಿ ಒಂದು ದಿನ ಎದುರಾದವನು ಕ್ಯೂಬಾದ ಕಾಪಾಬ್ಲಾಂಕ. 1921ರಲ್ಲಿ ಹವಾನಾದಲ್ಲಿ ಲಾಸ್ಕರನ ಪಟ್ಟವನ್ನು ಕಸಿದುಕೊಂಡವನು ಇವನೇ. ಅಂದಿನ 14 ಆಟಗಳಲ್ಲಿ ಲಾಸ್ಕರ್ 4 ಸೋತನು, 10 ಸಮವಾದುವು. ಗೆದ್ದುದು ಒಂದೂ ಇಲ್ಲ. ಇವನ ಪಟ್ಟವೂ 1927ರಲ್ಲಿ ಹೋಯಿತೆನ್ನಿ. ಈಗ 46ರ ಪ್ರಾಯ.

ಬಿಳಿಯ ಕಾಯಿಗಳು ಲಾಸ್ಕರನವು. ಹನ್ನೊಂದು ನಡೆ ಮುಗಿಯುವಷ್ಟರಲ್ಲಿ ನಾಲ್ಕು ಕುದುರೆಗಳೂ ಮಣೆ ಬಿಟ್ಟಿದ್ದುವು. ಇಂಥ ತಿಳಿಯಾದ ಆಟದಲ್ಲಿ ಕಾಪಾಬ್ಲಾಂಕನನ್ನು ಕೆಡಹುವುದೆಂದರೆ ಸಾಮಾನ್ಯವೇ? ಲಾಸ್ಕರ್ 19ನೆಯ ನಡೆಯಲ್ಲಿ ಅಂಚಿನ ಕಾಲಾಳನ್ನು ಮುಂದೂಡಿದನು, ಮರುನಡೆಯಲ್ಲಿ ಇನ್ನೊಂದು ಮನೆ. ಆನೆಗಳೆರಡನ್ನೂ ಒಂದರ ಹಿಂದೊಂದು ನಿಲ್ಲಿಸಿದನು. ಇನ್ನು ಮಂತ್ರಿಯ ಸರದಿ. ಪಾಶ್ಚಾತ್ಯರು ಅದನ್ನು ರಾಣಿಯೆನ್ನುತ್ತಾರೆ. ನಮ್ಮ ಜಗಲಿಗಳಲ್ಲಿ ಅದು ಮಂತ್ರಿಯೇ. 24ನೆಯ ನಡೆಯಲ್ಲಿ ಆ ಮಂತ್ರಿ ಮುನ್ನುಗ್ಗಲಿಲ್ಲ. ಒಂದೇ ಮನೆ ಹಿಂದೆ ಸರಿದು ಕೊನೆಯ ಸಾಲಿನಲ್ಲಿ ನಿಂತನು. ಮನೆಯಲ್ಲಿ ಮಣೆಯಿದ್ದವರು ಕಾಯಿ ಹೂಡಿ ನೋಡಬೇಕು: ಅಲ್ಲಿಂದ ಕಪ್ಪು ರಾಜನ ಮಗ್ಗುಲಿನವರೆಗೆ ಓರೆಯಾದ ರಾಜಮಾರ್ಗವೊಂದು ತೆರೆದಿದೆ!

ಮೂರು ನಡೆ ಕಳೆಯಿತು. ಮಂತ್ರಿ ಆ ದಾರಿಯ ತುದಿಗೆ ಹಾರಿ ರಾಜನನ್ನು ತಡೆದನು. 29ರಲ್ಲಿ ಬಿಳಿಯ ಒಂಟೆ ಕಾಲಾಳೊಂದನ್ನು ಕಡಿದು ವೈರಿಗಳ ನಡುವೆಯೇ ನಿಂತಿತು. ಕಾಪಾಬ್ಲಾಂಕ ಮಂತ್ರಿಯನ್ನೇ ತೆತ್ತು, ಪ್ರತಿಯಾಗಿ ಆನೆಯೊಂದನ್ನೂ ಒಂಟೆಯನ್ನೂ ಪಡೆದು ಬಹಳ ಹೊತ್ತು ಹೋರಾಡಿದನು. ಆಟ ಉಳಿಯಲಿಲ್ಲ.

ಪಂದ್ಯಾವಳಿಯ 19 ಆಟಗಳಲ್ಲಿ ಲಾಸ್ಕರ್ ಒಂದನ್ನೂ ಸೋಲಲಿಲ್ಲ. 23 ವರ್ಷದ ಬೊತ್ವಿನ್ನಿಕನಿಗೂ ಫ್ಲೋರನಿಗೂ ತಲಾ 13 ಅಂಕ. ಲಾಸ್ಕರನಿಗೆ 12½, ಕಾಪಾಬ್ಲಾಂಕನಿಗೆ 12. ಮರುವರ್ಷ ಅದೇ ನಗರದಲ್ಲಿ ಕಾಪಾಬ್ಲಾಂಕನೇ ಪ್ರಥಮ ಸ್ಥಾನ ಪಡೆದನೆಂಬುದನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾದೀತು.

ಲಾಸ್ಕರ್ 1941ರಲ್ಲಿ ತೀರಿಕೊಂಡನು, ಕಾಪಾಬ್ಲಾಂಕ 1942ರಲ್ಲಿ. ಇಬ್ಬರೂ ನ್ಯೂಯಾರ್ಕಿನ ಒಂದೇ ಆಸ್ಪತ್ರೆಯಲ್ಲಿ.