ಅಜ್ಜಿಯ ಚೆನ್ನೆಮಣೆಗೆ ಬೆಲೆ ಎಷ್ಟು?

ಸೊರಬ ತಾಲ್ಲೂಕಿನ ಉಳವಿಯಿಂದ ಸೋದರಿಯೊಬ್ಬರು ನಮಗೆ ಕಾಗದ ಬರೆದಿರುವರು. ಅವರ ತವರಿನಲ್ಲಿ ಪಾಲುಪಟ್ಟಿ ನಡೆಯುತ್ತಲಿದೆ. ಗದ್ದೆತೋಟಗಳ ವಿಷಯದಲ್ಲಿ ತಕರಾರಿಲ್ಲ. ಪಾತ್ರೆಪಗಡಗಳನ್ನು ತೂಗಿ ಹಂಚಿದ್ದೂ ಆಯಿತು. ಅಟ್ಟದಿಂದಿಳಿದ ಅಜ್ಜಿಯ ಚೆನ್ನೆಮಣೆಯೊಂದು ಮಾತ್ರ ಜಗಲಿಯಲ್ಲಿ ಉಳಿದಿದೆ. ಹಳೆಯ ಸಾಮಾನು ಕೊಳ್ಳುವವನೊಬ್ಬನು ಬಂದು ಐನೂರು ರೂಪಾಯಿ ಎಂದನಂತೆ. ಒಲ್ಲೆವೆಂದೊಡನೆ ಮೂರು ಸಾವಿರಕ್ಕೆ ಏರಿದನಂತೆ. ಅಣ್ಣಂದಿರು ಮಾರಿ ಹಣ ಹಂಚೋಣವೆನ್ನುವರು. ಸೋದರಿಗೆ ಮಣೆಯೇ ಬೇಕು. ನಿಜವಾದ ಬೆಲೆ ತಿಳಿದರೆ ತಮ್ಮ ಪಾಲಿನಲ್ಲಿ ಅದನ್ನು ಮುರಿದುಕೊಳ್ಳಲು ಹೇಳುವೆನೆಂದು ಬರೆದಿದ್ದಾರೆ.

ನಿಂತ ನಿಲುವಿನಲ್ಲಿ ಐನೂರರಿಂದ ಮೂರು ಸಾವಿರಕ್ಕೆ ಹಾರಿದವನಿಗೆ ಮೂರು ಸಾವಿರವೂ ಕೊನೆಯ ಮಾತಾಗಿರಲಾರದು. ಅದಿರಲಿ. ಕಾಗದದ ಕೊನೆಯಲ್ಲಿ, ಮಣೆಯನ್ನು ಉಜ್ಜಿಸಿ ವಾರ್ನಿಷು ಹಾಕಿಸಿದರೆ ಹೆಚ್ಚು ಬೆಲೆ ಬಂದೀತೆ ಎಂದು ಕೇಳಿದ್ದಾರೆ. ಅದನ್ನು ಓದಿ ನಮ್ಮ ಎದೆ ಝಲ್ಲೆಂದಿತು. ನಮ್ಮ ಮನೆಯಲ್ಲಿಯೂ ಬೀಟೆಯ ಮಣೆಯೊಂದಿದ್ದಿತು. ಮದುವೆಯ ಸಂಭ್ರಮದಲ್ಲಿ ಬಡಗಿಯನ್ನು ಕರೆಸಿ ಚೆನ್ನಾಗಿ ಉಜ್ಜಿಸಿ ಮಿರುಗುವಂತೆ ಮಾಡಿಸಿದೆವು. ಮುಂದೊಮ್ಮೆ ಬಲ್ಲವರೊಬ್ಬರು ಅದನ್ನು ಮಗುಚಿ ನೋಡಿ, ಏನೂ ಹೇಳದೆ ಕೆಳಗಿಟ್ಟರು. ಬಡಗಿಯದೇನೂ ತಪ್ಪಿಲ್ಲ, ನಾವು ಹೇಳಿದ್ದನ್ನೇ ಮಾಡಿದನು. ಮೂರು ತಲೆಮಾರಿನ ಬೆರಳುಗಳು ಸವೆಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ನಾವೇ ಅಳಿಸಿದ್ದೆವು.

ಆದುದರಿಂದ ಒಣಬಟ್ಟೆಯಲ್ಲಿ ಧೂಳು ಒರೆಸುವುದರ ಹೊರತು ಬೇರೇನನ್ನೂ ಮಾಡತಕ್ಕದ್ದಲ್ಲ. ಬಳಿಕ ಮಣೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಎರಡು ಸಾಲಿನ ಹದಿನಾಲ್ಕು ಗುಳಿಗಳು ಉಳಿಯಿಂದ ತೋಡಿದವಾದರೆ ಒಂದರಂತೆ ಒಂದಿರುವುದಿಲ್ಲ. ಯಂತ್ರದಿಂದ ಕೊರೆದವಾದರೆ ಎಲ್ಲವೂ ಒಂದೇ ಅಚ್ಚು. ಆಡುವವರ ಕೈ ತಾಗುವ ಅಂಚು ಹೆಚ್ಚು ನಯವಾಗಿ, ನಡುವಣ ಪಟ್ಟಿ ಒರಟಾಗಿ ಉಳಿದಿದ್ದರೆ ಒಳ್ಳೆಯ ಲಕ್ಷಣ. ಬಣ್ಣ ಬಳಿದು ಹಳತೆನ್ನಿಸಿದ ಮಣೆಯಲ್ಲಿ ಕಪ್ಪು ಎಲ್ಲೆಡೆಯೂ ಸಮನಾಗಿರುತ್ತದೆ. ಹಲಸಿನ ಮರವಾದರೆ ಹೊಸದರಲ್ಲಿ ಹಳದಿ, ವರುಷಗಳು ಕಳೆದಂತೆ ಕೆಂಗಂದು. ಬೀಟೆಯಾದರೆ ಎತ್ತಿದಾಗಲೇ ಕೈಗೆ ತಿಳಿಯುವಷ್ಟು ತೂಕ. ಸೊರಬ ಸಾಗರಗಳ ಗುಡಿಗಾರರು ಕೆತ್ತನೆಗೆ ಹೆಸರಾದವರು. ಅಂಚಿನಲ್ಲಿ ಬಳ್ಳಿ ಹೂಗಳ ಕೆಲಸವಿದ್ದರೆ ಅವರಲ್ಲಿ ಹಿರಿಯರೊಬ್ಬರಿಗೆ ತೋರಿಸುವುದು ಲೇಸು. ಆನೆದಂತದ ತುಣುಕು ಕೂಡಿಸಿದ್ದರೆ ಮಾರುವ ಮಾತೇ ಬೇಡ, ವನ್ಯಜೀವಿ ಕಾನೂನು ಅಡ್ಡಬರುತ್ತದೆ. ನೂರು ವರುಷ ದಾಟಿದ ಕಲಾವಸ್ತುವನ್ನು ಪರದೇಶಕ್ಕೆ ಸಾಗಿಸುವುದಕ್ಕೂ 1972ರ ಪುರಾವಸ್ತು ಕಾಯಿದೆಯ ತಡೆಯುಂಟು.

ಅಮೆರಿಕೆಯಲ್ಲಿ ಪಿನ್‌ಬಾಲ್ ಎಂಬ ಗುಂಡಿನಾಟದ ಯಂತ್ರಗಳನ್ನು ಹೀಗೆಯೇ ಕೂಡಿಡುವರು. ಅಲ್ಲಿಯೂ ಆಟದ ಹಲಗೆಯ ಮೇಲಣ ಮೂಲ ಬಣ್ಣ ಎಷ್ಟು ಉಳಿದಿದೆಯೆಂಬುದನ್ನೇ ಮೊದಲು ನೋಡುತ್ತಾರೆ. ಆದರೆ ಅವರಿಗೊಂದು ಅನುಕೂಲವಿದೆ. ಗುಂಡನ್ನು ಹೊಡೆಯುವ ಕೈಗಳಿದ್ದ ಮೊದಲ ಯಂತ್ರ 1947ರಲ್ಲಿ ಬಂದಿತೆಂದೂ, 1992ರ ಆಡಮ್ಸ್ ಫ್ಯಾಮಿಲಿ ಯಂತ್ರವು ಇಪ್ಪತ್ತು ಸಾವಿರಕ್ಕೂ ಮಿಗಿಲಾಗಿ ತಯಾರಾಯಿತೆಂದೂ ಲೆಕ್ಕವಿದೆ. ಯಾವುದು ಅಪರೂಪವೆಂಬುದು ಕಾಗದದಲ್ಲಿಯೇ ತಿಳಿಯುತ್ತದೆ. ನಮ್ಮ ಚೆನ್ನೆಮಣೆಗೆ ಮನೆಯವರ ನೆನಪೇ ಲೆಕ್ಕದ ಪುಸ್ತಕ. ಯಾರ ಮದುವೆಯಲ್ಲಿ ಬಂದಿತು, ಯಾವ ಊರಿನ ಮರ, ಯಾರು ಕೆತ್ತಿದರು ಎಂಬುದನ್ನು ತಿಳಿದ ಹಿರಿಯರಿರುವಾಗಲೇ ಕೇಳಿ, ಅವರ ಸಹಿಯೊಂದಿಗೆ ಬರೆದಿಡಬೇಕು. ಇಂತಹ ಹಾಳೆಯೊಂದು ಜೊತೆಗಿದ್ದರೆ ಕೊಳ್ಳುವವನು ಆಡುವ ಧಾಟಿಯೇ ಬೇರೆ.

ಇನ್ನು ರೂಪಾಯಿಯ ಮಾತು. ಕಾಣದ ವಸ್ತುವಿಗೆ ಇಲ್ಲಿ ಕುಳಿತು ನಾವು ಬೆಲೆ ಕಟ್ಟಲಾರೆವು. ಮೊದಲನೆಯವನ ಬೆಲೆಯನ್ನು ಹೇಳದೆ ಇನ್ನಿಬ್ಬರನ್ನು ಕೇಳಿರಿ. ಅಂಗಡಿಯವರು ಬರೆದಿಟ್ಟ ಬೆಲೆಗಿಂತ ಕೈಬದಲಾದ ಬೆಲೆಯನ್ನು ವಿಚಾರಿಸಿರಿ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಹಳೆಯ ಆಟದ ಮಣೆಗಳನ್ನೂ ಹಾಸುಗಳನ್ನೂ ಪ್ರದರ್ಶಿಸುತ್ತ ಬಂದಿದೆ. ಅಂತಹ ಪ್ರದರ್ಶನ ನೋಡಿದರೆ ಕಣ್ಣು ಪಳಗುತ್ತದೆ. ಬಳಿಕ ಮನೆಯಲ್ಲಿ ಅಣ್ಣತಂಗಿಯರು ತಮತಮಗೆ ತೋರಿದ ಬೆಲೆಯನ್ನು ಚೀಟಿಯಲ್ಲಿ ಗುಟ್ಟಾಗಿ ಬರೆಯಲಿ. ಹೆಚ್ಚು ಬರೆದವರು ಮಣೆಯನ್ನಿಟ್ಟುಕೊಂಡು ಉಳಿದವರ ಭಾಗವನ್ನು ಕೊಡಲಿ. ವ್ಯಾಪಾರಿಯ ಮೂರು ಸಾವಿರಕ್ಕಿಂತ ಇದೇ ನಮಗೆ ನ್ಯಾಯವೆನಿಸುತ್ತದೆ.

ಮಣೆಯೊಂದಿಗೆ ಗುಳಿಗೆ ನಾಲ್ಕೋ ಐದೋ ಕಾಯಿಗಳಿದ್ದಿರಬೇಕಷ್ಟೆ, ಮಂಜಟ್ಟಿಯೋ, ಕವಡೆಯೋ. ಅವುಗಳ ಡಬ್ಬಿಯ ವಿಷಯವಾಗಿ ಸೋದರಿಯು ಒಂದಕ್ಷರವನ್ನೂ ಬರೆದಿಲ್ಲ. ಅಟ್ಟವನ್ನು ಮತ್ತೊಮ್ಮೆ ಹುಡುಕಲಿ.