‘ಬಾಯ್ಕಾಟ್’ ಮತ್ತು ಬಹಿಷ್ಕಾರ

ರಸ್ತೆಯಿಲ್ಲದ ಹಳ್ಳಿಯೊಂದು ಮತದಾನವನ್ನು ‘ಬಹಿಷ್ಕರಿಸಿತು’ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ದಲಿತ ಕುಟುಂಬವೊಂದಕ್ಕೆ ಊರವರು ‘ಬಹಿಷ್ಕಾರ’ ಹಾಕಿದರೆಂದೂ ಓದುತ್ತೇವೆ. ಎರಡಕ್ಕೂ ಒಂದೇ ಶಬ್ದ. ಇದು ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

ಮೊದಲನೆಯ ಅರ್ಥ ನಮಗೆ ಬಂದದ್ದು ಇಂಗ್ಲಿಷಿನ ‘ಬಾಯ್ಕಾಟ್’ ಎಂಬ ಕ್ರಿಯಾಪದದಿಂದ. ಅದು ಮೂಲದಲ್ಲಿ ಒಬ್ಬ ಮನುಷ್ಯನ ಹೆಸರು. ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್ ಐರ್ಲೆಂಡಿನ ಮೇಯೊ ಪ್ರಾಂತದಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಪಾರುಪತ್ಯಗಾರ. 1880ರಲ್ಲಿ, ಗೇಣಿ ಇಳಿಸಿರೆಂದು ಬೇಡಿದ ಒಕ್ಕಲುಗಳನ್ನು ಆತ ಭೂಮಿಯಿಂದ ಎಬ್ಬಿಸಹೊರಟ. ರೈತರು ಕೈಯೆತ್ತಲಿಲ್ಲ, ಸಂಪರ್ಕವನ್ನೇ ಕಡಿದರು. ಆಳುಗಳು ಕೆಲಸ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಬೆಳೆ ಕೀಳಲು ಬೇರೆ ಪ್ರಾಂತಗಳಿಂದ 50 ಮಂದಿಯನ್ನು ಕರೆತರಬೇಕಾಯಿತು. ಅವರ ಕಾವಲಿಗೆ ಸುಮಾರು ಸಾವಿರ ಮಂದಿ ಸೈನಿಕರು ಮತ್ತು ಪೊಲೀಸರು! ನವೆಂಬರಿನ ಕೊನೆಯಲ್ಲಿ ಆತ ಊರು ಬಿಟ್ಟ. ಹೆಸರು ಮಾತ್ರ ಭಾಷೆಯಲ್ಲಿ ನಿಂತಿತು. ಈ ಕ್ರಮಕ್ಕೆ ಗ್ರೀಕ್ ಮೂಲದ ಪ್ರೌಢಪದವೊಂದು ಇದ್ದಿತಾದರೂ, ಅದು ರೈತರಿಗೆ ತಿಳಿಯದೆಂದು ಪಾದ್ರಿ ಓಮ್ಯಾಲಿ ಈ ಹೆಸರನ್ನೇ ಕ್ರಿಯಾಪದವಾಗಿಸಿದನೆಂದು ಅಮೆರಿಕದ ಪತ್ರಕರ್ತ ರೆಡ್‌ಪಾತ್ ಬರೆದಿದ್ದಾನೆ.

ನಮ್ಮ ‘ಬಹಿಷ್ಕಾರ’ದ ಹುಟ್ಟು ಬೇರೆ. ಹೊರಗೆ ಹಾಕುವುದೆಂದು ಅದರ ಅರ್ಥ. ಹೊರಗೆ ಹಾಕಬಲ್ಲವನು ಒಳಗೆ ಅಧಿಕಾರವುಳ್ಳವನು. ಜಾತಿಯ ಕಟ್ಟು ಮೀರಿದವರ ಮೇಲೆ ಮಠ, ಕುಲ, ಪಂಚಾಯಿತಿಗಳು ಎತ್ತಿದ ಕೋಲು ಅದು. ಅಂಬೇಡ್ಕರರು 1927ರಲ್ಲಿ ತಮ್ಮ ಪತ್ರಿಕೆಗೆ ‘ಬಹಿಷ್ಕೃತ ಭಾರತ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಐರಿಷ್ ರೈತರೂ ಒಬ್ಬನನ್ನು ಹೊರಗಿಟ್ಟರಲ್ಲವೆ, ಭೇದವೆಲ್ಲಿ ಎಂದು ವಾಚಕರು ಕೇಳಬಹುದು. ಆಯುಧ ಒಂದೇ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಕ್ಯಾಪ್ಟನ್ನನ ಬೆನ್ನಿಗೆ ಸರ್ಕಾರವೂ ಸೈನ್ಯವೂ ಇದ್ದವು; ಹೊರಟುಹೋಗಲು ಇಂಗ್ಲೆಂಡ್ ಇತ್ತು. ಬಾವಿಯ ನೀರು, ಅಂಗಡಿಯ ಅಕ್ಕಿ, ಕೂಲಿಯ ಕೆಲಸ ಮೂರನ್ನೂ ಕಳೆದುಕೊಂಡ ಕುಟುಂಬಕ್ಕೆ ಹೋಗಲು ಯಾವ ದೇಶವಿದೆ? ಮಹಾರಾಷ್ಟ್ರವು 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು.

ಆದುದರಿಂದ ನನ್ನ ವಿನಂತಿಯಿಷ್ಟೆ. ಮತ ಹಾಕೆವೆಂದು ಕುಳಿತ ಹಳ್ಳಿಗರು ಯಾರನ್ನೂ ಹೊರಗೆ ಹಾಕಿಲ್ಲ, ತಾವೇ ಹೊರಗುಳಿದಿದ್ದಾರೆ. ಅದನ್ನು ‘ನಿರಾಕರಣೆ’ ಎನ್ನೋಣ. ‘ಬಹಿಷ್ಕಾರ’ವೆಂಬ ಮಾತು ಅಪರಾಧದ ಹೆಸರಾಗಿಯೇ ಉಳಿಯಲಿ. ನೊಂದವನ ಪ್ರತಿಭಟನೆಗೂ ನೋಯಿಸುವವನ ಕ್ರೌರ್ಯಕ್ಕೂ ಒಂದೇ ಹೆಸರಿಟ್ಟರೆ, ಲಾಭ ಯಾವಾಗಲೂ ಎರಡನೆಯವನಿಗೇ.